ಹಾಲು ಸಾಲುತ್ತಿಲ್ಲ ಎಂದು ಹೇಳಿದವರಾರು?

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ 12 ದಿನವಾಯಿತು. ತವರಿಗೆ ಕರೆತಂದಿದ್ದೇವೆ. ಕೂಸು ಗಂಟೆಗೊಮ್ಮೆ ಅಳುತ್ತದೆ, ಸಂಜೆಯಂತೂ ಎದೆ ಬಿಡುವುದೇ ಇಲ್ಲ. ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರುಮಾಡಿ ಎಂದು ಬೀಗರು ದಿನಾ ಫೋನು ಮಾಡುತ್ತಾರೆ. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ. ನಾನೂ ಹಾಗೇ ಮಾಡುತ್ತಿದ್ದೇನೆ. ಮಗಳು ಆಗಾಗ ಕಾರಣವಿಲ್ಲದೆ ಅಳುತ್ತಾಳೆ. ನಾನೇನು ಮಾಡಲಿ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಒಂದು ತಂಬಿಗೆ ನೀರು ತಂದು ಮಗಳ ಕೈಗೆ ಕೊಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆದೀತು.

ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಮಾಗುವುದಿಲ್ಲ, ಕೂಸಿಗೆ ಶೀತವಾಗುತ್ತದೆ ಎನ್ನುತ್ತಾರೆ. ಈ ಯಾವ ಮಾತಿಗೂ ಆಧಾರವಿಲ್ಲ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ತಾಯಿ ಕಡಿಮೆ ಕುಡಿದರೂ ಶರೀರ ಅಷ್ಟು ಸುಲಭಕ್ಕೆ ಹಾಲು ನಿಲ್ಲಿಸುವುದಿಲ್ಲ. ತನ್ನದನ್ನು ಬಸಿದು ಕೂಸಿಗೆ ಕೊಡುತ್ತದೆ. ಕಷ್ಟಪಡುವವಳು ಬಾಣಂತಿ: ಮಲಬದ್ಧತೆ, ಉರಿಮೂತ್ರ, ಹಸಿ ಹೊಲಿಗೆಯ ಮೇಲೆ ಮುಕ್ಕುವ ಸಂಕಟ. ಸಿಸೇರಿಯನ್ ಆದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಇರುತ್ತದೆ, ನೀರು ಕಡಿಮೆಯಾದರೆ ಅದು ಇನ್ನೂ ಹೆಚ್ಚು. ಹಾಗಂತ ಕೊಡಗಟ್ಟಲೆ ಕುಡಿಸಿದರೆ ಹಾಲು ಹೆಚ್ಚುವುದೂ ಇಲ್ಲ. ಬಾಯಾರಿದಷ್ಟು ಕುಡಿಯಲಿ. ಹಾಲೂಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ತಂಬಿಗೆ ಇದ್ದರೆ ಸಾಕು.

ಇನ್ನು ಹಾಲು ಸಾಲದ ಮಾತು. ಇದನ್ನು ಅಳುವಿನಿಂದ ಅಳೆಯಲಾಗದು. ಕೂಸು ಹಸಿದರೂ ಅಳುತ್ತದೆ, ಸೆಕೆಯಾದರೂ ಅಳುತ್ತದೆ, ಎತ್ತಿಕೊಳ್ಳಿ ಎಂದೂ ಅಳುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವುದು ಸಹಜ, ಸಂಜೆ ಹೊತ್ತು ಒಂದೇ ಸಮನೆ ಎದೆಗೆ ಅಂಟಿಕೊಳ್ಳುವುದೂ ಸಹಜ. ಎರಡು ಮೂರನೇ ವಾರದಲ್ಲಿ ಈ ಹಸಿವು ಇನ್ನಷ್ಟು ಕೆರಳುತ್ತದೆ. ನೀವು ನೋಡಬೇಕಾದ್ದು ಒದ್ದೆ ಬಟ್ಟೆಯನ್ನು. ಐದನೇ ದಿನ ದಾಟಿದ ಕೂಸು ಹಗಲು ರಾತ್ರಿ ಸೇರಿ 6 ಸಲವಾದರೂ ತಿಳಿಬಣ್ಣದ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಹೊಟ್ಟೆಗೆ ಹೋಗುತ್ತಿದೆ ಎಂದೇ ಅರ್ಥ. ಎರಡನೆಯ ಸಾಕ್ಷಿ ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತವೆ. ಆಮೇಲೆ ದಿನಕ್ಕೆ 20–30 ಗ್ರಾಂ ಏರಿದರೆ ಚಿಂತೆಯಿಲ್ಲ.

ಡಬ್ಬಿ ಹಾಲೇನೂ ವಿಷವಲ್ಲ, ವೈದ್ಯರು ಬೇಕೆಂದಾಗ ಕೊಡಲೇಬೇಕು. ಆದರೆ ಬರೀ ಸಂಶಯಕ್ಕೆ ಶುರುಮಾಡಿದರೆ ಆ ಸಂಶಯವೇ ನಿಜವಾಗುತ್ತದೆ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಬಾಟಲಿ ಕುಡಿದು ಕೂಸು ಮೂರು ತಾಸು ಮಲಗಿತೆಂದರೆ ಎದೆಯಲ್ಲಿ ಹಾಲು ಹಾಗೇ ನಿಲ್ಲುತ್ತದೆ, ಶರೀರ ಇಷ್ಟು ಬೇಡವೆಂದುಕೊಂಡು ಉತ್ಪತ್ತಿ ತಗ್ಗಿಸುತ್ತದೆ. ವಾರದಲ್ಲಿ ಬೀಗರ ಮಾತು ಸತ್ಯವಾಗಿರುತ್ತದೆ! ನಮ್ಮ ದೇಶದಲ್ಲಿ 1992ರ ಕಾನೂನು ಈ ಹಾಲಿನ ಜಾಹೀರಾತನ್ನೇ ನಿಷೇಧಿಸಿದೆ, ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನೂ ಹಾಕುವಂತಿಲ್ಲ. ಆ ಕೆಲಸವನ್ನು ನೆಂಟರು ಪುಕ್ಕಟೆ ಮಾಡಿಕೊಡುತ್ತಾರೆ. ಮೇಲುಹಾಲು ಕೊಡಲೇಬೇಕಾಗಿ ಬಂದರೂ ಬಾಟಲಿ ಬೇಡ, ನಿಮ್ಮ ಕಾಲದ ಒಳಲೆಯೇ ವಾಸಿ. ಕುದಿಸಿ ತೊಳೆಯುವುದು ಸುಲಭ.

ಹಾಲು ನಿಜಕ್ಕೂ ಕಡಿಮೆಯಾಗಿದ್ದರೆ ಬಹಳ ಸಲ ಕಾರಣ ಕೂಸು ಎದೆ ಹಿಡಿಯುವ ರೀತಿ. ತೊಟ್ಟಷ್ಟೇ ಬಾಯಲ್ಲಿದ್ದರೆ ತೊಟ್ಟು ಒಡೆಯುತ್ತದೆ, ಹಾಲು ಬರುವುದಿಲ್ಲ. ಬಾಯಿ ಅಗಲವಾಗಿ ತೆರೆದು, ಗದ್ದ ಎದೆಗೆ ತಾಗಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗಬೇಕು. ನಿಮ್ಮ ಮಗಳಿಗೆ ಹೊಟ್ಟೆಯ ಮೇಲೆ ಭಾರ ಬೀಳಬಾರದು. ಪಕ್ಕಕ್ಕೆ ಮಲಗಿ ಕುಡಿಸಲಿ, ಇಲ್ಲವೇ ಕೂಸಿನ ಕಾಲನ್ನು ತನ್ನ ಕಂಕುಳ ಕೆಳಗೆ ಹಿಂದಕ್ಕೆ ಚಾಚಿ ಹಿಡಿದುಕೊಳ್ಳಲಿ. ದಿಂಬು ಕೊಡುವುದು, ಕೂಸನ್ನು ಎತ್ತಿಕೊಡುವುದು ನಿಮ್ಮ ಕೆಲಸ. ಆರು ತಿಂಗಳು ತುಂಬುವ ತನಕ ಕೂಸಿಗೆ ನೀರು, ಜೇನು, ಸಕ್ಕರೆ ನೀರು ಯಾವುದೂ ಬೇಡ.

ನಿಮ್ಮ ಅಡುಗೆಮನೆಯ ಬಗ್ಗೆ ನನ್ನ ತಕರಾರಿಲ್ಲ. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಎಲ್ಲ ಕೊಡಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಇವು ಹಾಲನ್ನೇ ಉಕ್ಕಿಸುತ್ತವೆ ಎನ್ನಲಾರೆ, ಆದರೆ ಶಕ್ತಿ ಕೊಡುತ್ತವೆ. ಪಥ್ಯದ ಹೆಸರಿನಲ್ಲಿ ಕಾಳು, ಸೊಪ್ಪು, ಹಣ್ಣು ಬಿಡಿಸುವುದು ಮಾತ್ರ ಸಲ್ಲ. ಕಬ್ಬಿಣಾಂಶದ ಗುಳಿಗೆ 180 ದಿನ ತಪ್ಪಬಾರದು. ಬಿಸಿನೀರು ಎರೆಯುವುದಿದ್ದರೆ ಹೊಲಿಗೆಯ ಬಗ್ಗೆ ವೈದ್ಯರನ್ನು ಕೇಳಿ ಎರೆಯಿರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಬೇಡವೇ ಬೇಡ, ಕೂಸಿನ ಪುಪ್ಪುಸ ತಾಳದು.

ಮಗಳ ಕಣ್ಣೀರಿನ ವಿಷಯಕ್ಕೆ ಬರುತ್ತೇನೆ. ಹೆರಿಗೆಯ ನಂತರ ಹಾರ್ಮೋನು ಒಮ್ಮೆಲೇ ಇಳಿಯುವುದರಿಂದ ಮೂರನೇ ದಿನದ ಸುಮಾರಿಗೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಅದಾದ ಮೇಲೂ ಉಳಿದರೆ, ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲವೆಂದರೆ ಅದು ಖಿನ್ನತೆಯಿರಬಹುದು, ಚಿಕಿತ್ಸೆಯಿದೆ. ಸಾಯಬೇಕು ಎಂಬ ಮಾತು ಬಂದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಟ್ಟೆ ತೊಳೆಯುವುದು, ಬಂದವರಿಗೆ ಚಹಾ ಮಾಡುವುದು ಮನೆಯ ಉಳಿದವರ ಪಾಲಾಗಲಿ, ಅಳಿಯಂದಿರೂ ಬಂದು ಕೈಹಚ್ಚಲಿ. ಬೀಗರ ಫೋನನ್ನು ಇನ್ನು ಮುಂದೆ ನೀವೇ ಎತ್ತಿ.

ಕೂಸು ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಸುಟ್ಟರೆ ಅಥವಾ ಕಣ್ಣು ಹಳದಿಯಾದರೆ ತಡಮಾಡಬೇಡಿ. ತಾಯಿಗೆ ಜ್ವರ, ವಿಪರೀತ ರಕ್ತಸ್ರಾವ, ಒಂದೇ ಕಾಲಿಗೆ ಬಾವು ಬಂದರೂ ಅಷ್ಟೇ. ಇವೇನೂ ಇಲ್ಲದಿದ್ದರೆ ನಾಡಿದ್ದಿಗೆ 14ನೇ ದಿನ, ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾದ ದಿನ. ಬರದಿದ್ದರೆ ನೀವೇ ಕರೆಸಿ. ಕೂಸನ್ನು ತೂಗಿಸಿ ತಾಯಿ ಕಾರ್ಡಿನಲ್ಲಿರುವ ಹುಟ್ಟಿದಾಗಿನ ತೂಕದೊಂದಿಗೆ ಹೋಲಿಸಿ ನೋಡಿ. ಅಲ್ಲಿಯವರೆಗೆ ಡಬ್ಬಿ ತರಬೇಡಿ.