ಅಳಲನ್ನು ಸ್ತೋತ್ರದ ಹಿಂದೆ ಬಚ್ಚಿಡಬೇಡಿ

ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ. ಆದರೂ ಚರ್ಚಿನ ಬಾಗಿಲಲ್ಲಿ ಯಾರಾದರೂ ವಿಚಾರಿಸಿದರೆ "ದೇವರ ಕೃಪೆ, ಎಲ್ಲ ಚೆನ್ನಾಗಿದೆ" ಎಂದುಬಿಡುತ್ತೀರಿ. ಕಳವಳ ತೋರಿಸಿದರೆ ವಿಶ್ವಾಸ ಸಾಲದು ಎಂದಾರು ಎಂಬ ಅಂಜಿಕೆ. ಹಾಗೆ ಮಾಡಬೇಡಿ. ಬೈಬಲಿನ 150 ಕೀರ್ತನೆಗಳಲ್ಲಿ ಗೋಳಿನವು ಎಷ್ಟೊಂದಿವೆ! 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ.

ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಬೇಡುವುದನ್ನು ಬಿಟ್ಟು ಬರೀ ಕೃತಜ್ಞತೆ ಹೇಳಿ ಎನ್ನುವುದಿಲ್ಲ ಅವನು. ಎರಡನ್ನೂ ಒಟ್ಟಿಗೇ ದೇವರ ಮುಂದಿಡಿ ಎನ್ನುತ್ತಾನೆ. ತನ್ನ ಸಹಕೆಲಸಗಾರ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಾಗಿನ ತನ್ನ ದುಃಖವನ್ನೂ ಅದೇ ಪತ್ರದಲ್ಲಿ ಮುಚ್ಚಿಡುವುದಿಲ್ಲ.

ನೀವೂ ಪ್ರಾರ್ಥಿಸುವಾಗ ಮೊದಲು ಭಯವನ್ನು ಹೆಸರು ಹಿಡಿದು ಹೇಳಿ: ಸಾಲದ ಕಂತು, ಆಸ್ಪತ್ರೆಯ ರಿಪೋರ್ಟು. ಆಮೇಲೆ ಇವತ್ತು ಸಿಕ್ಕಿದ್ದೊಂದನ್ನು ನೆನೆಯಿರಿ. ಬಿಸಿ ಗಂಜಿಯಾದರೂ ಸರಿ. ನೊಂದವರಿಗೆ ಮಾತ್ರ "ಸ್ತೋತ್ರ ಹೇಳು" ಎಂದು ಬುದ್ಧಿ ಹೇಳಹೋಗಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ವಾರಗಟ್ಟಲೆ ನಿದ್ದೆಯೇ ಬಾರದಿದ್ದರೆ ವೈದ್ಯರನ್ನು ಕಾಣಿರಿ. ಅದನ್ನು ಅಪನಂಬಿಕೆ ಎಂದುಕೊಳ್ಳಬೇಡಿ. ಪೌಲನ ಜೊತೆಗಾರ ಲೂಕನೂ ವೈದ್ಯನೇ ಆಗಿದ್ದ.