ಚರಂಡಿಯಿಂದ ವಾಷಿಂಗ್ಟನ್‌ವರೆಗೆ: ಲ್ಯಾಟಿನೋ ಒಕ್ಕೂಟಗಳ ಕಥೆ

ಅಮೆರಿಕದಲ್ಲಿ ಎಲೆಕ್ಷನ್ ಬಂದಾಗೆಲ್ಲ "ಲ್ಯಾಟಿನೋ ವೋಟ್ ಯಾರಿಗೆ?" ಅಂತ ಟಿವಿಯಲ್ಲಿ ಚರ್ಚೆ ಶುರುವಾಗುತ್ತೆ. ಕೇಳಿದ್ರೆ ಇವರೆಲ್ಲ ಒಂದೇ ಊರಿನ, ಒಂದೇ ಮನಸ್ಸಿನ ಜನ ಅನ್ನಿಸುತ್ತೆ. ಆದರೆ ಟೆಕ್ಸಾಸ್‌ನ ಮೆಕ್ಸಿಕನ್ ಮೂಲದವರು, ನ್ಯೂಯಾರ್ಕಿನ ಪೋರ್ಟೊರಿಕೋದವರು, ಮಯಾಮಿಯ ಕ್ಯೂಬಾದವರು, ಇವರ ಚರಿತ್ರೆಯೂ ಬೇರೆ, ಕಷ್ಟವೂ ಬೇರೆ. ಕೆಲವರ ಪೂರ್ವಜರಂತೂ ವಲಸೆ ಬಂದವರೇ ಅಲ್ಲ. 1848ರಲ್ಲಿ ಯುದ್ಧ ಮುಗಿದು ಗಡಿ ಸರಿದಾಗ ಇದ್ದ ಮನೆಯಲ್ಲೇ ಅಮೆರಿಕದವರಾದರು! ಇಂಥವರು ಹೇಗೆ ಒಟ್ಟಾದರು ಅನ್ನೋದನ್ನ ಈ ಸಲ ನೋಡೋಣ.

ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ಊರಿನಿಂದ ಶುರು ಮಾಡಬಹುದು. 1929ರಲ್ಲಿ ಅಲ್ಲಿ ಲುಲಾಕ್ ಅನ್ನೋ ಸಂಘಟನೆ ಹುಟ್ಟಿತು. ಅದೇ ಊರಲ್ಲಿ 1948ರಲ್ಲಿ ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರನ್ನ ಸೇರಿಸಿ ಜಿಐ ಫೋರಂ ಕಟ್ಟಿದರು. ಮರುವರ್ಷ ಒಂದು ಘಟನೆ ನಡೆಯಿತು. ಫಿಲಿಪೈನ್ಸ್‌ನಲ್ಲಿ ಸತ್ತ ಫೆಲಿಕ್ಸ್ ಲಾಂಗೋರಿಯಾ ಅನ್ನೋ ಸೈನಿಕನ ದೇಹವನ್ನ ಅಂತಿಮ ದರ್ಶನಕ್ಕೆ ಇಡೋಕೆ ಅವನ ಊರಿನ ಶವಸಂಸ್ಕಾರದ ಸಂಸ್ಥೆ ಜಾಗ ಕೊಡಲಿಲ್ಲ. ಅವನು ಮೆಕ್ಸಿಕನ್ ಮೂಲದವನು, ಕಾರಣ ಅಷ್ಟೇ. ಗಾರ್ಸಿಯಾ ಟೆಲಿಗ್ರಾಂ ಕಳಿಸಿದರು. ಆಗಷ್ಟೇ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ಆ ಸೈನಿಕನಿಗೆ ಆರ್ಲಿಂಗ್ಟನ್‌ನ ರಾಷ್ಟ್ರೀಯ ಸಮಾಧಿ ಸ್ಥಳದಲ್ಲಿ ಗೌರವದ ಸಂಸ್ಕಾರ ಆಗೋ ಹಾಗೆ ನೋಡಿಕೊಂಡರು. ಒಂದು ಸಣ್ಣ ಊರಿನ ಅವಮಾನ ದೇಶದ ಸುದ್ದಿಯಾಯಿತು.

ಆದ್ರೆ ಪ್ರತಿ ಸಲ ಸೆನೆಟರ್‌ಗೆ ಟೆಲಿಗ್ರಾಂ ಕಳಿಸೋಕಾಗುತ್ತಾ? ಕುರ್ಚಿಯಲ್ಲಿ ತಮ್ಮವರೇ ಕೂರಬೇಕಿತ್ತು. ಇಲ್ಲಿ ಸಿವಿಲ್ ಬ್ರಾಂಚಿನವರು ಸ್ವಲ್ಪ ಗಮನ ಕೊಡಿ, ಯಾಕಂದ್ರೆ ಈಗ ಬರೋದು ಚರಂಡಿ ವಿಷಯ.

ಸ್ಯಾನ್ ಆಂಟೋನಿಯೋ ನಗರದ ಪಶ್ಚಿಮ ಭಾಗದಲ್ಲಿ ಮಳೆ ಬಂದರೆ ಮನೆಗಳಿಗೆ ನೀರು ನುಗ್ಗುತ್ತಿತ್ತು. ಅಲ್ಲಿದ್ದವರು ಹೆಚ್ಚಾಗಿ ಮೆಕ್ಸಿಕನ್ ಅಮೆರಿಕನ್ನರು. ಚರಂಡಿಯ ಪ್ಲಾನು ಎಷ್ಟೋ ವರ್ಷದಿಂದ ಫೈಲಿನಲ್ಲೇ ಕೂತಿತ್ತು. 1974ರಲ್ಲಿ ಚರ್ಚುಗಳ ಮೂಲಕ ಜನರನ್ನ ಸೇರಿಸಿ ಕಾಪ್ಸ್ ಅನ್ನೋ ಸಂಘಟನೆ ಶುರುವಾಯಿತು. ಅವರು ನಗರಸಭೆಗೆ ನುಗ್ಗಿ ಮೊದಲು ಕೇಳಿದ್ದೇ ಚರಂಡಿ. ಅದೇ ವರ್ಷ, ಅದೇ ನಗರದಲ್ಲಿ ವಿಲ್ಲಿ ವೆಲಾಸ್ಕೆಸ್ ಮತದಾರರ ನೋಂದಣಿಗೆ ಅಂತಲೇ ಬೇರೊಂದು ಸಂಸ್ಥೆ ಕಟ್ಟಿದರು. "ನಿಮ್ಮ ವೋಟೇ ನಿಮ್ಮ ದನಿ" ಅನ್ನೋದು ಅವರ ಘೋಷಣೆ. ರಸ್ತೆ, ನೀರು, ಶಾಲೆ ಅಂದರೆ ಮಾತ್ರ ಜನ ವೋಟಿಗೆ ಬರ್ತಾರೆ, ದೊಡ್ಡ ಸಿದ್ಧಾಂತಕ್ಕಲ್ಲ ಅಂತ ವೆಲಾಸ್ಕೆಸ್‌ಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪ್ರಕಾರ ಈ ಇಡೀ ಕಥೆಯಲ್ಲಿ ಅತಿ ಮುಖ್ಯ ವ್ಯಕ್ತಿ ಇವರೇ. ಹೆಸರು ಮಾತ್ರ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ.

ವೋಟು ಹಾಕಿದರೂ ಗೆಲ್ಲದ ಹಾಗೆ ಒಂದು ಲೆಕ್ಕ ಅಡ್ಡ ಇತ್ತು. ಒಂದು ಊರಲ್ಲಿ 100 ಮತದಾರರು, 10 ಸೀಟು ಅಂದುಕೊಳ್ಳಿ. ಒಂದು ಗುಂಪು 55, ಇನ್ನೊಂದು 45. ಪ್ರತಿ ಸೀಟಿಗೂ ಇಡೀ ಊರೇ ವೋಟು ಹಾಕಿದರೆ 55ರ ಗುಂಪು ಹತ್ತೂ ಸೀಟು ಗೆಲ್ಲುತ್ತೆ, 45ಕ್ಕೆ ಸೊನ್ನೆ. ಅದೇ ಊರನ್ನ 10 ವಾರ್ಡ್ ಮಾಡಿದರೆ? ಆ 45 ಜನ ಒತ್ತಟ್ಟಿಗೆ ವಾಸ ಮಾಡ್ತಿದ್ದರೆ ನಾಲ್ಕು ಸೀಟಾದರೂ ಸಿಗುತ್ತೆ. ಜನ ಅವರೇ, ವೋಟೂ ಅಷ್ಟೇ; ಗೆರೆ ಎಲ್ಲಿ ಎಳೆದರು ಅನ್ನೋದಷ್ಟೇ ಬೇರೆ. ಸ್ಯಾನ್ ಆಂಟೋನಿಯೋದಲ್ಲಿ ಇದ್ದದ್ದು ಮೊದಲನೇ ಥರದ ಪದ್ಧತಿ.

1975ರಲ್ಲಿ ಮತದಾನದ ಹಕ್ಕು ಕಾಯ್ದೆಯನ್ನ ಟೆಕ್ಸಾಸ್‌ಗೂ ವಿಸ್ತರಿಸಿದರು. ಇಂಗ್ಲಿಷ್ ಬಾರದವರಿಗೆ ಅವರ ಭಾಷೆಯಲ್ಲೇ ಮತಪತ್ರ ಕೊಡಬೇಕು ಅನ್ನೋ ನಿಯಮವೂ ಆಗಲೇ ಬಂತು. (ಕನ್ನಡ ಸಂಘದವರಿಗೆ ಇದು ಇಷ್ಟ ಆಗ್ಲೇಬೇಕು!) ಕೇಂದ್ರದ ನ್ಯಾಯ ಇಲಾಖೆ ಆಕ್ಷೇಪಿಸಿದ ಮೇಲೆ 1977ರಲ್ಲಿ ಸ್ಯಾನ್ ಆಂಟೋನಿಯೋ ವಾರ್ಡ್ ಪದ್ಧತಿಗೆ ಬಂತು. 1981ರಲ್ಲಿ ಹೆನ್ರಿ ಸಿಸ್ನೆರೋಸ್ ಮೇಯರ್ ಆದರು. 1993ರಲ್ಲಿ ಅವರೇ ಕ್ಲಿಂಟನ್ ಸಂಪುಟದಲ್ಲಿ ವಸತಿ ಮಂತ್ರಿ.

ಇತ್ತ ವಾಷಿಂಗ್ಟನ್‌ನಲ್ಲಿ 1976ರ ಡಿಸೆಂಬರಿನಲ್ಲಿ ಐದೇ ಐದು ಸದಸ್ಯರು ಸೇರಿ ಕಾಂಗ್ರೆಷನಲ್ ಹಿಸ್ಪಾನಿಕ್ ಕಾಕಸ್ ಮಾಡಿಕೊಂಡರು. ಅವರಲ್ಲಿ ಪೋರ್ಟೊರಿಕೋ ಪ್ರತಿನಿಧಿಗೆ ಸದನದಲ್ಲಿ ಪೂರ್ತಿ ವೋಟಿನ ಹಕ್ಕೂ ಇರಲಿಲ್ಲ. 1980ರ ಜನಗಣತಿಯಲ್ಲಿ ಮೊದಲ ಸಲ ಎಲ್ಲಾ ಮನೆಗಳಿಗೂ "ನೀವು ಸ್ಪ್ಯಾನಿಷ್ ಮೂಲದವರಾ?" ಅಂತ ಕೇಳಿದರು. ಎಷ್ಟು ಜನ ಇದ್ದಾರೆ ಅಂತಲೇ ಲೆಕ್ಕ ಇಲ್ಲದಿದ್ದರೆ ಪಾಲು ಕೇಳೋದು ಹೇಗೆ? 1991ರಲ್ಲಿ ಬೇರೆ ಬೇರೆ ಸಂಘಟನೆಗಳ ನಾಯಕರು ಒಂದೇ ಮೇಜಿಗೆ ಬಂದು ನ್ಯಾಷನಲ್ ಹಿಸ್ಪಾನಿಕ್ ಲೀಡರ್‌ಶಿಪ್ ಅಜೆಂಡಾ ಅನ್ನೋ ಒಕ್ಕೂಟ ಮಾಡಿದರು. ಅಧ್ಯಕ್ಷ ಚುನಾವಣೆ ಬಂದಾಗ ಎರಡೂ ಪಕ್ಷಗಳ ಮುಂದೆ ಒಂದೇ ಬೇಡಿಕೆ ಪಟ್ಟಿ ಇಡೋದು ಇದರ ಕೆಲಸ.

ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ ಅಂತ ಬರೆಯೋದು ಸುಲಭ. ಕ್ಯೂಬಾ ಬಂದಾಗ ಗಂಟು ಬೀಳುತ್ತೆ. 1996ರ ಕೊನೆಯಲ್ಲಿ ಮೆಕ್ಸಿಕನ್ ಮೂಲದ ಹಾವಿಯೆರ್ ಬೆಸೆರಾ ಕ್ಯೂಬಾಗೆ ಹೋಗಿ ಬಂದರು, ಆಮೇಲೆ ಕಾಕಸ್ಸಿನ ಅಧ್ಯಕ್ಷರೂ ಆದರು. ಕ್ಯಾಸ್ಟ್ರೋ ಆಡಳಿತ ಬಿಟ್ಟು ಬಂದ ಕುಟುಂಬಗಳ ಇಬ್ಬರು ರಿಪಬ್ಲಿಕನ್ ಸದಸ್ಯರು 1997ರಲ್ಲಿ ಕಾಕಸ್ ಬಿಟ್ಟು ಹೊರಟರು. 2003ರಲ್ಲಿ ರಿಪಬ್ಲಿಕನ್ನರು ಹಿಸ್ಪಾನಿಕ್ ಕಾನ್ಫರೆನ್ಸ್ ಅಂತ ತಮ್ಮದೇ ಗುಂಪು ಕಟ್ಟಿಕೊಂಡರು. ಇವತ್ತಿಗೂ ಅಲ್ಲಿ ಕಾಕಸ್ ಒಂದು, ಕಾನ್ಫರೆನ್ಸ್ ಇನ್ನೊಂದು.