ದೊಡ್ಡವರಾದ ಮೇಲೆ ಈಜು: ಮೊದಲು ಉಸಿರು ಬಿಡಲು ಕಲಿಯಿರಿ

ಮಂಡಿ ನೋವು, ಸೊಂಟ ನೋವು, ಮೈತೂಕ, ಸಕ್ಕರೆ ಕಾಯಿಲೆ ಎಂದು ಬರುವ ನಲವತ್ತು ದಾಟಿದವರಿಗೆ ನಾವು ವೈದ್ಯರು ಸಲೀಸಾಗಿ ಒಂದು ಸಲಹೆ ಕೊಟ್ಟುಬಿಡುತ್ತೇವೆ: 'ಈಜಾಡಿ, ಒಳ್ಳೆಯದು.' ಸಲಹೆಯೇನೋ ಸರಿಯಾದದ್ದೇ. ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀರೇ ಹೊರುತ್ತದೆ. ಸವೆದ ಮಂಡಿಗೆ ಇದಕ್ಕಿಂತ ಹಿತವಾದ ವ್ಯಾಯಾಮ ಇನ್ನೊಂದಿಲ್ಲ. ಆದರೆ ಎದುರಿಗೆ ಕುಳಿತವರ ಉತ್ತರ ಬಹುಮಟ್ಟಿಗೆ ಒಂದೇ. 'ಈಜು ಬರೋದಿಲ್ಲ ಡಾಕ್ಟ್ರೇ. ನೀರು ಕಂಡ್ರೆ ಎದೆ ಢವಢವ ಅನ್ನುತ್ತೆ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕಲಿಯೋದು?'

ಹಳ್ಳಿಯಲ್ಲಿ ಬೆಳೆದ ಗಂಡುಹುಡುಗರು ಬಾವಿಯಲ್ಲೋ ಕೆರೆಯಲ್ಲೋ ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತರು. ಅವರ ಅಕ್ಕತಂಗಿಯರು ದಡದಲ್ಲಿ ಬಟ್ಟೆ ಒಗೆದರೇ ಹೊರತು ನೀರಿಗಿಳಿಯಲಿಲ್ಲ. ಪೇಟೆಯ ಮಕ್ಕಳಿಗೆ ಬಾವಿಯೇ ಇರಲಿಲ್ಲ. ಹೀಗಾಗಿ ಈಜು ಬಾರದ ದೊಡ್ಡವರು, ಅದರಲ್ಲೂ ಮಹಿಳೆಯರು, ನಮ್ಮಲ್ಲಿ ಬಹಳ. ಇನ್ನು ಕೆಲವರ ಭಯಕ್ಕೆ ಹಳೆಯ ಕಾರಣವೊಂದಿರುತ್ತದೆ. ಚಿಕ್ಕಂದಿನಲ್ಲಿ ಸೋದರಮಾವನೋ ದೊಡ್ಡಪ್ಪನ ಮಗನೋ 'ತಳ್ಳಿಬಿಟ್ಟರೆ ತಾನೇ ಕಲೀತಾನೆ' ಎಂದು ಹಿಂದಿನಿಂದ ನೂಕಿರುತ್ತಾರೆ. ಹಾಗೆ ಕಲಿತವರೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದರಿಂದಲೇ ಜೀವಮಾನವಿಡೀ ನೀರಿಗೆ ಬೆನ್ನು ಹಾಕಿದವರೂ ಇದ್ದಾರೆ. ಸೋರೆಬುರುಡೆಯಲ್ಲಿ ಬುದ್ಧಿಯಿತ್ತು, ನೂಕುವುದರಲ್ಲಿ ಇಲ್ಲ.

ನೀರಿನ ಭಯ ಪುಕ್ಕಲುತನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಆದ್ದರಿಂದ 'ಹೆದರಬೇಡಿ' ಎಂದು ಬೆನ್ನು ತಟ್ಟುವುದರಿಂದ ಪ್ರಯೋಜನವಿಲ್ಲ. ಹೆದರಿಕೆ ಮೈಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ ಅದನ್ನು ಇಳಿಸುವ ದಾರಿಯೂ ತಿಳಿಯುತ್ತದೆ.

ಉಸಿರು ಕಟ್ಟುವುದೇಕೆ?

ಹೆದರಿದವರು ನೀರಿನಲ್ಲಿ ಏನು ಮಾಡುತ್ತಾರೆಂದು ಗಮನಿಸಿ. ಮುಖ ಮುಳುಗಿಸುವ ಮೊದಲು ಎದೆ ತುಂಬ ಗಾಳಿ ಎಳೆದುಕೊಂಡು ಬಿಗಿಹಿಡಿಯುತ್ತಾರೆ. ಮುಖ ನೀರಿನೊಳಗಿರುವಷ್ಟು ಹೊತ್ತೂ ಅದನ್ನು ಬಿಡುವುದಿಲ್ಲ. ಮೇಲೆ ಬಂದ ಕೂಡಲೇ, ಹಳೆಯ ಗಾಳಿ ಒಳಗಿರುವಾಗಲೇ, ಇನ್ನಷ್ಟು ಎಳೆಯಲು ನೋಡುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ! ಎರಡು ಮೂರು ಸಲ ಹೀಗಾದರೆ ಉಸಿರು ಕಟ್ಟಿದಂತಾಗಿ ಕೈಕಾಲು ಬಡಿಯಲು ತೊಡಗುತ್ತಾರೆ.

ಇಲ್ಲಿ ಆಮ್ಲಜನಕ ಮುಗಿದಿರುವುದಿಲ್ಲ. ಬಿಡದೆ ಹಿಡಿದ ಉಸಿರಿನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರುತ್ತದೆ, ಅಷ್ಟೆ. ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಹೆಚ್ಚಾಗಿ ಗಮನಿಸುವುದು ಈ ಅನಿಲವನ್ನೇ. ಅದು ಏರಿತೆಂದರೆ 'ಗಾಳಿ ಬೇಕು' ಎಂಬ ಕೂಗು ಏಳುತ್ತದೆ. ನೀರಿನೊಳಗೆ ಸಣ್ಣಗೆ ಉಸಿರು ಬಿಡುತ್ತಿದ್ದರೆ ಎದೆಯ ಆ ಬಿಗಿತ ಸಡಿಲಗೊಳ್ಳುತ್ತದೆ, ಮೇಲೆ ಬಂದಾಗ ಹೊಸ ಗಾಳಿಗೆ ಜಾಗವೂ ಇರುತ್ತದೆ.

ಇನ್ನೂ ಎರಡು ಸಂಗತಿಗಳು ಹೊಸಬರನ್ನು ಗಾಬರಿಪಡಿಸುತ್ತವೆ. ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತಾಗ ಎದೆಯನ್ನು ಯಾರೋ ಅದುಮಿದಂತಾಗುತ್ತದೆ. ಅದು ಪಕ್ಕೆಲುಬುಗಳ ಮೇಲೆ ಬೀಳುವ ನೀರಿನ ಒತ್ತಡ, ಎಲ್ಲರಿಗೂ ಆಗುತ್ತದೆ. ಎರಡನೆಯದು, ತಣ್ಣೀರು ಎದೆಗೆ ತಾಗಿದೊಡನೆ 'ಹಾ' ಎಂದು ಉಸಿರು ಒಳಕ್ಕೆ ಸೆಳೆಯುವುದು. ಇದು ನಮ್ಮ ಇಷ್ಟವನ್ನು ಕೇಳಿ ಆಗುವಂಥದ್ದಲ್ಲ, ಒಂದೆರಡು ನಿಮಿಷದಲ್ಲಿ ತಾನಾಗಿ ತಣಿಯುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಧುಮುಕಬೇಡಿ. ಷವರ್ ಕೆಳಗೆ ಮೈ ನೆನೆಸಿಕೊಂಡು, ಮೆಟ್ಟಿಲಿನಲ್ಲಿ ನಿಧಾನವಾಗಿ ಇಳಿಯಿರಿ.

ಮನೆಯ ಬೋಗುಣಿಯಲ್ಲಿ ಮೊದಲ ಪಾಠ

ಈಜುಕೊಳಕ್ಕೆ ಹಣ ಕಟ್ಟುವ ಒಂದು ವಾರ ಮೊದಲೇ ಕಲಿಕೆ ಶುರುವಾಗಬಹುದು. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ ಮೇಜಿನ ಮೇಲಿಡಿ. ಬಾಯಿಂದ ಸಾಧಾರಣವಾದ ಒಂದು ಉಸಿರು ಎಳೆದುಕೊಳ್ಳಿ. ಎದೆ ಬಿರಿಯುವಷ್ಟು ಬೇಡ. ಮುಖವನ್ನು ನೀರಿಗಿಟ್ಟು, ಬಾಯಿ ಮುಚ್ಚಿ, 'ಹೂಂ' ಎಂದು ಗುನುಗುತ್ತಾ ಮೂಗಿನಿಂದ ಗುಳ್ಳೆ ಬಿಡಿ. ಗುನುಗುತ್ತಿರುವಷ್ಟು ಹೊತ್ತು ಮೂಗಿನೊಳಕ್ಕೆ ನೀರು ನುಗ್ಗುವುದಿಲ್ಲ, ಏಕೆಂದರೆ ಗಾಳಿ ಹೊರಗೆ ಬರುತ್ತಿರುತ್ತದೆ. ಮುಖವೆತ್ತಿ ಬಾಯಿಂದ ಉಸಿರೆಳೆದು ಮತ್ತೆ ಅದೇ. ದಿನಕ್ಕೆ ಐದು ನಿಮಿಷ ಸಾಕು. ಮಕ್ಕಳು ನಗಬಹುದು, ನಗಲಿ. ಮುಖದ ಮೇಲೆ ನೀರಿದ್ದಾಗಲೂ ಉಸಿರು ನಿಮ್ಮ ಹಿಡಿತದಲ್ಲಿರುತ್ತದೆ ಎಂಬುದು ಮೈಗೆ ತಿಳಿಯಬೇಕು. ಓದಿ ತಿಳಿಯುವ ವಿಷಯ ಇದಲ್ಲ.

ಕೊಳದಲ್ಲಿ ಇದೇ ಪಾಠವನ್ನು ಎದೆಮಟ್ಟದ ನೀರಿನಲ್ಲಿ, ಅಂಚಿನ ಕಂಬಿ ಹಿಡಿದು ಮಾಡಿ. ಒಂದು ಗುಟುಕು ನೀರು ಗಂಟಲಿಗೆ ಹೋದರೆ ಜೀವ ಹೋಗುವುದಿಲ್ಲ. ಧ್ವನಿಪೆಟ್ಟಿಗೆ ಥಟ್ಟನೆ ಮುಚ್ಚಿಕೊಂಡು ಕೆಮ್ಮು ಬರುತ್ತದೆ. ನಿಂತು, ಚೆನ್ನಾಗಿ ಕೆಮ್ಮಿ, ಸುಧಾರಿಸಿಕೊಳ್ಳಿ.

ಉಸಿರು ಬಿಟ್ಟರೆ ಮುಳುಗಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಂಡಸರ ಶ್ವಾಸಕೋಶದಲ್ಲಿ ಸುಮಾರು 6 ಲೀಟರ್, ಹೆಂಗಸರಲ್ಲಿ ಸುಮಾರು 4 ಲೀಟರ್ ಗಾಳಿ ಹಿಡಿಯುತ್ತದೆ. ಎದೆ ತುಂಬಿರುವಾಗ ಹೆಚ್ಚಿನವರು ತಾವಾಗಿಯೇ ತೇಲುತ್ತಾರೆ. ಪೂರ್ತಿ ಬಿಟ್ಟರೆ ಮೆಲ್ಲಗೆ ಕೆಳಗಿಳಿಯುತ್ತಾರೆ, ಕಲ್ಲಿನಂತಲ್ಲ. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಮೈಕೈ ತುಂಬಿಕೊಂಡವರಿಗೆ ತೇಲುವುದು ಸುಲಭ. ತೆಳ್ಳಗಿನ, ಗಟ್ಟಿ ಮಾಂಸಖಂಡದ ಗಂಡಸರ ಕಾಲುಗಳು ಬೇಗ ಕೆಳಗೆ ಜಗ್ಗುತ್ತವೆ. ತೂಕದ ಬಗ್ಗೆ ಸಂಕೋಚಪಡುವ ಗೃಹಿಣಿಯರು ಈ ಒಂದು ಜಾಗದಲ್ಲಾದರೂ ಮುಂದಿರುತ್ತಾರೆ.

ಇದನ್ನು ನಂಬಲು ಒಂದು ಪರೀಕ್ಷೆಯಿದೆ. ಸೊಂಟದಿಂದ ಎದೆಯವರೆಗಿನ ನೀರಿನಲ್ಲಿ, ಕೋಚ್ ಪಕ್ಕದಲ್ಲಿರುವಾಗ, ಉಸಿರೆಳೆದು, ಗದ್ದವನ್ನು ಎದೆಗೆ ತಾಗಿಸಿ, ಎರಡೂ ಮಂಡಿಗಳನ್ನು ತಬ್ಬಿಕೊಳ್ಳಿ. ಮೊದಲು ತುಸು ಮುಳುಗಿ, ಆಮೇಲೆ ಬೆನ್ನು ತಾನಾಗಿ ಮೇಲಕ್ಕೆ ಬರುತ್ತದೆ. ಮುಳುಗಬೇಕೆಂದರೂ ನೀರು ಬಿಡುವುದಿಲ್ಲ.

ತೇಲುವುದಕ್ಕಿಂತ ಮುಖ್ಯವಾದದ್ದು ತೇಲುತ್ತಿರುವಾಗ ಮತ್ತೆ ನಿಂತುಕೊಳ್ಳುವುದು. ನಮ್ಮ ಈಜುಕೊಳಗಳಲ್ಲಿ ಇದನ್ನು ಪ್ರತ್ಯೇಕವಾಗಿ ಕಲಿಸುವವರು ಕಡಿಮೆ. ಬೋರಲಾಗಿ ತೇಲುವಾಗ ಹೊಸಬರು ಮೊದಲು ತಲೆಯೆತ್ತುತ್ತಾರೆ. ತಲೆಯ ತೂಕ ನಾಲ್ಕೈದು ಕಿಲೋ. ಅದು ನೀರಿನಿಂದ ಮೇಲೆದ್ದರೆ ಅಷ್ಟೂ ಭಾರ ಮೈಯ ಮೇಲೆ ಬಿದ್ದು, ನೆಲ ಸಿಗುವ ಮೊದಲೇ ದೇಹ ತಡಬಡಿಸುತ್ತದೆ. ಸರಿಯಾದ ಕ್ರಮ ಹೀಗೆ: ಮಂಡಿಗಳನ್ನು ಹೊಟ್ಟೆಯ ಕಡೆ ಮಡಿಸಿ, ಎರಡೂ ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತಿ, ಪಾದ ನೆಲಕ್ಕೆ ತಾಗಿದ ಮೇಲೆ ಕೊನೆಗೆ ತಲೆಯೆತ್ತಿ. ಇದನ್ನು ಇಪ್ಪತ್ತು ಮೂವತ್ತು ಸಲ ಮಾಡಿ. ಬೇಕೆಂದಾಗ ನಿಲ್ಲಬಲ್ಲೆ ಎಂಬ ಧೈರ್ಯ ಬಂದವರಿಗೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ. ಅಂಗಾತ ತೇಲುವುದು, ಕಿಕ್ ಬೋರ್ಡ್ ಹಿಡಿದು ಕಾಲು ಬಡಿಯುವುದು, ಕೈ ಬೀಸುವುದು ಎಲ್ಲ ಇದಾದ ಮೇಲೆ. ಕೋಚ್ ಮೊದಲ ದಿನವೇ ಕೈಕಾಲು ಬಡಿಸಲು ಹೊರಟರೆ 'ಒಂದು ವಾರ ಉಸಿರು, ತೇಲುವುದು ಮಾತ್ರ ಕಲಿಸಿ' ಎಂದು ಬಾಯಿಬಿಟ್ಟು ಹೇಳಿ. ಏಪ್ರಿಲ್ ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಿಂದ ಕೊಳಗಳು ಗಿಜಿಗುಡುತ್ತವೆ. ನಾಚಿಕೆ, ಅಂಜಿಕೆ ಇರುವ ದೊಡ್ಡವರಿಗೆ ಆ ಕಾಲ ಬೇಡ. ಮಹಿಳೆಯರಿಗೆ ಪ್ರತ್ಯೇಕ ವೇಳೆ ಇದೆಯೇ ಎಂದು ಮೊದಲೇ ವಿಚಾರಿಸಿ. ಕೆಲವರಿಗೆ ಮೂರು ವಾರ ಹಿಡಿಯುತ್ತದೆ, ಕೆಲವರಿಗೆ ಮೂರು ತಿಂಗಳು.

ಯಾರು ವೈದ್ಯರನ್ನು ಕೇಳಬೇಕು?

ನೀರಿನಲ್ಲಿ ನಿಂತಾಗ ಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯದ ಕೆಲಸ ಹೆಚ್ಚುತ್ತದೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಕೇಳಿಯೇ ಇಳಿಯಬೇಕು. ಎದೆನೋವು ತೋಳಿಗೋ ದವಡೆಗೋ ಹರಡಿದರೆ ಅದು ನೀರಿನ ಒತ್ತಡವಲ್ಲ. ಕೂಡಲೇ ಮೇಲೆ ಬಂದು ಆಸ್ಪತ್ರೆಗೆ ಹೋಗಿ. ಮೂರ್ಛೆ ರೋಗವಿರುವವರು ಒಬ್ಬರೇ ಎಂದೂ ಈಜಬಾರದು, ಚಿಕಿತ್ಸೆಯಲ್ಲಿದ್ದರೂ ಸಹ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗದೆ, ದಡದಲ್ಲಿ ಗ್ಲೂಕೋಸ್ ಇಟ್ಟುಕೊಂಡಿರಲಿ. ಆಸ್ತಮಾದವರ ಇನ್ಹೇಲರ್ ಕೂಡ ಅಲ್ಲಿಯೇ ಇರಲಿ. ಕಿವಿ ಸೋರುವವರು, ತಮಟೆ ತೂತಾದವರು ಕಿವಿಯ ವೈದ್ಯರಿಗೆ ತೋರಿಸುವವರೆಗೆ ತಲೆ ಮುಳುಗಿಸುವಂತಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ಭೇದಿಯಾಗುತ್ತಿರುವಾಗ ಕೊಳಕ್ಕೆ ಇಳಿಯುವುದು ಉಳಿದವರಿಗೆ ಮಾಡುವ ಅನ್ಯಾಯ. ಕುಡಿದು ನೀರಿಗಿಳಿಯುವವರಿಗೆ ಹೇಳುವುದೇನೂ ಇಲ್ಲ, ಇಳಿಯಬಾರದು, ಅಷ್ಟೆ.

ಸ್ವಲ್ಪ ಈಜು ಬಂದವರಿಗೆ ಬೇರೆ ಅಪಾಯಗಳಿವೆ. ಒಂದು, ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂಬ ಪಂದ್ಯ. ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿ ಮುಳುಗಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಎಚ್ಚರಿಕೆಯ ಆ ಕೂಗು ಏಳುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವ ತರುಣರೇ ಹೀಗೆ ಸಾಯುತ್ತಾರೆ. ಇನ್ನೊಂದು, ಕೊಳದಲ್ಲಿ ಕಲಿತ ಈಜನ್ನು ನಂಬಿ ಕೆರೆ, ಕಾಲುವೆ, ಕೃಷಿಹೊಂಡಕ್ಕೆ ಇಳಿಯುವುದು. ಅಲ್ಲಿ ಆಳ ಒಂದೇ ಸಮನಾಗಿರುವುದಿಲ್ಲ, ಕೆಸರು ಕಾಲು ಹಿಡಿಯುತ್ತದೆ, ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಹತ್ತಿ ಬರಲು ಬಿಡುವುದಿಲ್ಲ.

ಯಾರಾದರೂ ಮುಳುಗುತ್ತಿದ್ದರೆ ಹೊಸದಾಗಿ ಈಜು ಕಲಿತವರು ಧುಮುಕಬಾರದು. ಗಾಬರಿಯಲ್ಲಿರುವವರು ರಕ್ಷಿಸಲು ಬಂದವರನ್ನೇ ತಬ್ಬಿ ಕೆಳಕ್ಕೆ ಎಳೆಯುತ್ತಾರೆ. ಮಗುವನ್ನು ಉಳಿಸಲು ತಾಯಿ, ತಾಯಿಯನ್ನು ಉಳಿಸಲು ಚಿಕ್ಕಮ್ಮ ಎಂದು ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಹೋಗುವ ಸುದ್ದಿ ಇದೇ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ದಡದಲ್ಲಿ ಮಲಗಿ ಬಿದಿರ ಗಳುವನ್ನೋ ಸೀರೆಯನ್ನೋ ಹಗ್ಗವನ್ನೋ ಚಾಚಿ. ಏನೂ ಸಿಗದಿದ್ದರೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯಿರಿ. ಐದು ಲೀಟರಿನದಾದರೂ ಹಿಡಿದುಕೊಂಡವರ ಮುಖವನ್ನು ನೀರಿನಿಂದ ಮೇಲಿಡಲು ನೆರವಾಗುತ್ತದೆ.